‘ಕೆಟ್ಟು ಪಟ್ಟಣ ಸೇರು’ ಅಂದರೆ ಬೈಗುಳವಾ, ಬುದ್ಧಿಮಾತಾ?

ನಾಟಿ ಟೊಮ್ಯಾಟೊ, ಕೋಲಾರ

ಎಲ್ಲರಿಗೂ ನಮಸ್ಕಾರ. ಒಂದು ಗಾದೆಯ ಅರ್ಥ ಕೇಳಬೇಕಿತ್ತು. ಸಣ್ಣ ವಿಷಯ ಅನ್ನಿಸಬಹುದು, ಆದರೆ ಎಂಟು ದಿನದಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ.

ನಮ್ಮದು ಕೋಲಾರ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಜಮೀನು, ಚಿಕ್ಕಪ್ಪನ ಜೊತೆ ಪಾಲಿನಲ್ಲಿ ಒಂದು ಬೋರ್‌ವೆಲ್ಲು. ಏಳು ವರ್ಷ ಟೊಮ್ಯಾಟೊ ಬೆಳೆದೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿತ್ತಲ್ಲ, ಆಗ ನನ್ನ ತೋಟದಲ್ಲಿ ಇನ್ನೂ ಹೂವು. ನಮ್ಮ ಹಣ್ಣು ಮಂಡಿಗೆ ಹೋಗುವ ಹೊತ್ತಿಗೆ ರೇಟು ಬಿದ್ದುಹೋಗಿತ್ತು. ಆಮೇಲಿನ ಎರಡು ಬೆಳೆಗೂ ಎಲೆ ಮುದುರು ರೋಗ ಬಂತು. ನಾರು (ಸಸಿ), ಕಡ್ಡಿ, ದಾರ, ಮಲ್ಚಿಂಗ್ ಪೇಪರು, ಔಷಧಿ, ಕೂಲಿ ಅಂತ ಸುರಿದ ದುಡ್ಡು ವಾಪಸ್ ಬರಲಿಲ್ಲ. ಈಗ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿದೆ. ಆಗಸ್ಟ್ ಒಂದಕ್ಕೆ ಸೇರಬೇಕು.

ಹೇಳಿ ಬರೋಣ ಅಂತ ಚಿಕ್ಕಪ್ಪನ ಮನೆಗೆ ಹೋದೆ. ಜಗಲಿ ಮೇಲೆ ಕೂತು ಕುಡುಗೋಲಿಗೆ ಹೊಸ ಹಿಡಿ ಹಾಕುತ್ತಿದ್ದರು. ನಾನು ಎಲ್ಲ ಹೇಳಿ ಮುಗಿಸುವವರೆಗೂ ತಲೆ ಎತ್ತಲಿಲ್ಲ. ಆಮೇಲೆ, ‘ಸರಿ ಬಿಡು, ಕೆಟ್ಟು ಪಟ್ಟಣ ಸೇರು ಅಂತ ಗಾದೆನೇ ಇದೆಯಲ್ಲ’ ಅಂದರು. ಅಷ್ಟೇ. ಹಿಡಿಗೆ ಇನ್ನೆರಡು ಏಟು ಹಾಕಿದರು, ಎದ್ದು ಒಳಗೆ ಹೋದರು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಮನೆಗೆ ಬಂದು ಹೇಳಿದರೆ ನಮ್ಮಮ್ಮ ಬೇರೆಯದೇ ಹೇಳುತ್ತಾರೆ. ‘ಅದು ಒಳ್ಳೇ ಮಾತು ಕಣೋ, ಹೋಗಿ ಬದುಕಿಕೋ ಅಂತ ಹೇಳಿದ್ದಾರೆ’ ಅಂತ. ಒಂದೇ ಮಾತು, ಮೂರೇ ಪದ. ನಾನು ಬೈಗುಳ ಅಂದುಕೊಂಡೆ, ಅಮ್ಮ ಆಶೀರ್ವಾದ ಅಂದರು. ನಿಮ್ಮ ಕಡೆ ಇದನ್ನು ಹೇಗೆ ಬಳಸುತ್ತಾರೆ, ತಿಳಿದವರು ಹೇಳಿ.

ಪ್ಯಾಸೆಂಜರ್ ಗಾಡಿ, ಬಂಗಾರಪೇಟೆ

ಅಣ್ಣ, ನಿಮ್ಮ ತಾಯಿ ನಿಮಗೆ ಬೇಜಾರಾಗಬಾರದು ಅಂತ ಹಾಗೆ ಹೇಳಿದ್ದಾರೆ. ಇದು ಚುಚ್ಚು ಮಾತೇ. ನಾನು ಹನ್ನೆರಡು ವರ್ಷದಿಂದ ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನಾ ಟ್ರೈನಿನಲ್ಲಿ ಹೋಗಿ ಬರುತ್ತಿದ್ದೇನೆ, ಈ ಮಾತನ್ನು ಕೇಳಿ ಕೇಳಿ ಕಿವಿ ಮರಗಟ್ಟಿದೆ. ಒಂದು ವಿಷಯ ಗಮನಿಸಿ. ನಮ್ಮೂರಿನಿಂದ ಓದಿ ಎಂಜಿನಿಯರ್ ಆಗಿ ಹೋದ ಹುಡುಗರೂ ಇದ್ದಾರೆ. ಅವರಿಗೆ ಯಾರೂ ಈ ಗಾದೆ ಹೇಳಿಲ್ಲ. ಅವರಿಗೆ ಹಾರ ಹಾಕಿ ಕಳಿಸುತ್ತಾರೆ. ಸಾಲ ಮಾಡಿಕೊಂಡು ಹೋದವನಿಗೆ, ಸೆಕ್ಯೂರಿಟಿ ಕೆಲಸಕ್ಕೆ ಹೋದವನಿಗೆ, ಗಾರೆ ಕೆಲಸಕ್ಕೆ ಹೋದವನಿಗೆ ಮಾತ್ರ ಹೇಳುತ್ತಾರೆ. ಯಾರಿಗೆ ಹೇಳುತ್ತಾರೆ ಅಂತ ನೋಡಿದರೆ ಅರ್ಥ ತಾನೇ ಗೊತ್ತಾಗುತ್ತದೆ ಅಲ್ವಾ?

ಕನ್ನಡ ಮೇಷ್ಟ್ರು, ಚಿಂತಾಮಣಿ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವನು ನಾನು, ಈಗ ನಿವೃತ್ತ. ನನ್ನ ಅಭಿಪ್ರಾಯ ನಿಮ್ಮ ತಾಯಿಯವರ ಕಡೆಗೆ.

ಮೊದಲು ‘ಕೆಟ್ಟು’ ಅನ್ನುವ ಪದ ನೋಡಿ. ಈಗಿನವರಿಗೆ ಕೆಟ್ಟ ಅಂದ ಕೂಡಲೇ ಕೆಟ್ಟ ಮನುಷ್ಯ, ಕೆಟ್ಟ ಬುದ್ಧಿ ನೆನಪಿಗೆ ಬರುತ್ತದೆ. ಇಲ್ಲಿ ಆ ಅರ್ಥ ಇಲ್ಲ. ಹಾಲು ಕೆಟ್ಟಿತು, ಮೋಟ್ರು ಕೆಟ್ಟಿತು, ಬಾಳಿ ಕೆಟ್ಟ ಮನೆ ಅನ್ನುತ್ತೇವಲ್ಲ, ಆ ‘ಕೆಡು’. ಇದ್ದದ್ದು ಹಾಳಾಯಿತು ಅಂತಷ್ಟೇ. ನಿಮ್ಮದು ತಪ್ಪು ಅಂತ ಆ ಪದದಲ್ಲಿ ಎಲ್ಲೂ ಇಲ್ಲ. ಎರಡನೆಯದು ‘ಸೇರು’. ಇದು ವಿಧಿರೂಪ. ಬಾ, ಹೋಗು, ಮಾಡು ಅಂದ ಹಾಗೆ. ‘ಕೆಟ್ಟವನು ಪಟ್ಟಣ ಸೇರಿದ’ ಅಂತ ಗಾದೆ ಇದ್ದಿದ್ದರೆ ಅದು ಆಡಿಕೊಳ್ಳುವುದು. ‘ಸೇರು’ ಅಂದರೆ ಎದುರಿಗಿರುವವನಿಗೆ ದಾರಿ ತೋರಿಸುವುದು. ಕೈಲಿದ್ದದ್ದು ಹೋಯಿತಾ, ಇಲ್ಲೇ ಕೂತು ಕೊರಗಬೇಡ, ಪಟ್ಟಣಕ್ಕೆ ಹೋಗು, ಅಲ್ಲಿ ಏನಾದರೊಂದು ಕೆಲಸ ಸಿಗುತ್ತದೆ ಅಂತ.

ಯಾಕೆ ಪಟ್ಟಣ? ಹಳ್ಳಿಯಲ್ಲಿ ಕೆಟ್ಟವನಿಗೆ ದಿನಾ ಸಾಲ ಕೊಟ್ಟವರ ಮುಖ ನೋಡಬೇಕು. ನಿನ್ನೆವರೆಗೆ ಆಳು ಇಟ್ಟುಕೊಂಡು ಬೇಸಾಯ ಮಾಡಿದವನು ಇವತ್ತು ಅದೇ ಬೀದಿಯಲ್ಲಿ ಕೂಲಿಗೆ ನಿಲ್ಲುವುದು ಕಷ್ಟ. ಪಟ್ಟಣದಲ್ಲಿ ಅವನು ಯಾರು ಅಂತ ಯಾರಿಗೂ ಗೊತ್ತಿರುವುದಿಲ್ಲ. ಮೂಟೆ ಹೊತ್ತರೂ ತಲೆ ತಗ್ಗಿಸಬೇಕಾಗಿಲ್ಲ. ಇದೆಲ್ಲ ಆ ಮೂರು ಪದದ ಒಳಗೆ ಇದೆ.

ನಮ್ಮ ಸೀಮೆ ಬರದ ಸೀಮೆ. 1876ರಿಂದ 78ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದ ಬಗ್ಗೆ ಕೇಳಿರುತ್ತೀರಿ. ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಸತ್ತರು. ಗಂಜಿಯಾದರೂ ಸಿಕ್ಕೀತು ಅಂತ ಊರೂರೇ ಎದ್ದು ಬೆಂಗಳೂರಿನ ಕಡೆ ನಡೆದವು. ಗಾದೆ ಆಗಲೇ ಹುಟ್ಟಿತು ಅಂತ ನಾನು ಹೇಳುತ್ತಿಲ್ಲ. ಆದರೆ ಇಂಥ ಸೀಮೆಯ ಜನರ ಬಾಯಲ್ಲಿ ಈ ಮಾತು ಬರೀ ಚುಚ್ಚು ಮಾತಾಗಿ ಉಳಿಯೋಕೆ ಸಾಧ್ಯವೇ ಇಲ್ಲ. ಜೀವ ಉಳಿಸಿಕೊಳ್ಳುವ ದಾರಿ ಅದು.

ಕಡ್ಲೆಕಾಯಿ ಸೀಮೆ, ಪಾವಗಡ

ಮೇಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ, ವಿಧಿರೂಪ ಇದ್ದ ಮಾತ್ರಕ್ಕೆ ಬುದ್ಧಿಮಾತು ಅಂತ ಆಗುವುದಿಲ್ಲ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’. ಎರಡೂ ವಿಧಿರೂಪ. ಯಾರಾದರೂ ಇದನ್ನು ಕೇಳಿ, ಓ ಮನೆ ಕಟ್ಟಬೇಕಂತೆ ಅಂತ ಪಾಯ ತೆಗೆಸಿದ್ದಾರಾ? ಕಟ್ಟಿ ನೋಡು, ಆಗ ಗೊತ್ತಾಗುತ್ತದೆ ಅನ್ನುವ ಎಚ್ಚರಿಕೆ ಅದು. ‘ಮಾಡಿದ್ದುಣ್ಣೋ ಮಹರಾಯ’ ಅಂದರೆ ಊಟಕ್ಕೆ ಕರೆದ ಹಾಗಾ? ಅಲ್ಲ. ಕನ್ನಡದಲ್ಲಿ ‘ಮಾಡು’ ಅಂತ ಹೇಳಿಯೇ ‘ಮಾಡಿದೆಯಲ್ಲ, ಅನುಭವಿಸು’ ಅಂತ ಹೇಳೋಕಾಗುತ್ತದೆ. ದನಿ ನೋಡಬೇಕು.

ನಮ್ಮ ಪಾವಗಡದ ಕಡೆ ಅರ್ಧ ಊರು ಬೆಂಗಳೂರಿನಲ್ಲಿದೆ. ಮಳೆ ಇಲ್ಲ, ಬೋರಿನಲ್ಲಿ ನೀರಿಲ್ಲ, ಕಡ್ಲೆಕಾಯಿ ಹಾಕಿದರೆ ಬಿತ್ತಿದ ಬೀಜವೂ ಕೈಗೆ ಬರದ ವರ್ಷಗಳು ಇದ್ದವು. ತಿರುಮಣಿ ಸುತ್ತ ಸೋಲಾರ್ ಪಾರ್ಕು ಬಂದಾಗ ಜಮೀನು ಗುತ್ತಿಗೆ ಕೊಟ್ಟವರು ಕೊಟ್ಟರು. ಉಳಿದವರು ಬಸ್ಸು ಹತ್ತಿದರು. ಹತ್ತಿದವರಿಗೆ ಈ ಗಾದೆ ಹೇಳಿದ್ದು ಒಳ್ಳೆ ದನಿಯಲ್ಲಿ ಅಲ್ಲ. ‘ಇನ್ನೇನು, ಕೆಟ್ಟು ಪಟ್ಟಣ ಸೇರಿದ’ ಅಂತ. ಗಮನಿಸಿ, ನಮ್ಮ ಕಡೆ ‘ಸೇರಿದ’ ಅಂತಲೂ ಹೇಳುತ್ತಾರೆ.

ಕನ್ನಡ ಮೇಷ್ಟ್ರು, ಚಿಂತಾಮಣಿ

‘ಮನೆ ಕಟ್ಟಿ ನೋಡು’ ಒಳ್ಳೆ ಉದಾಹರಣೆ, ಒಪ್ಪುತ್ತೇನೆ. ವ್ಯಾಕರಣ ಒಂದರಿಂದಲೇ ತೀರ್ಮಾನ ಮಾಡೋಕಾಗಲ್ಲ ಅನ್ನುವುದು ಸರಿ. ಆದರೆ ಅಲ್ಲಿ ‘ನೋಡು’ ಅನ್ನುವ ಪದವೇ ಆ ಎಚ್ಚರಿಕೆ ತರುವುದು. ‘ಮಾಡಿ ನೋಡು’ ಅಂದರೆ ಸವಾಲು ಹಾಕಿದ ಹಾಗೆ. ‘ಸೇರು’ ಅನ್ನುವುದರಲ್ಲಿ ಆ ಸವಾಲು ಇಲ್ಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅಂದ ಹಾಗಿದೆ ಇದು, ನೇರ ಮಾತು.

ಐದು ದೀಪ, ಕೆಜಿಎಫ್

ನಮ್ಮ ಮನೆಯಲ್ಲಿ ತಮಿಳು ಮಾತು. ಈ ಗಾದೆ ತಮಿಳಿನಲ್ಲೂ ಇದೆ, ಹೆಚ್ಚು ಕಡಿಮೆ ಅದೇ ಪದಗಳಲ್ಲಿ. ‘ಕೆಟ್ಟುಂ ಪಟ್ಟಣಂ ಸೇರ್’. ಅಲ್ಲಿ ‘ಕೆಟ್ಟುಂ’ ಅಂದರೆ ಕೆಟ್ಟರೂ ಅಂತ. ಕೆಟ್ಟು ಹೋದರೂ ಸರಿ, ಪಟ್ಟಣ ಸೇರು. ನಮ್ಮ ತಾತ ಇದನ್ನು ಬೈಗುಳವಾಗಿ ಬಳಸಿದ್ದು ನಾನು ಕೇಳೇ ಇಲ್ಲ.

ಅವರಿಗೆ ಪಟ್ಟಣ ಅಂದರೆ ಬೆಂಗಳೂರಲ್ಲ, ಕೆಜಿಎಫ್. ಅವರ ಅಪ್ಪ ಉತ್ತರ ಆರ್ಕಾಟ್ ಕಡೆಯಿಂದ ಬರಿಗೈಯಲ್ಲಿ ಗಣಿಗೆ ಬಂದವರು. ಆ ಕಡೆಯಿಂದ ಸಾವಿರಾರು ಜನ ಹಾಗೇ ಬಂದರು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದ ಊರು ಇದು. ತಾತ ಹೇಳುತ್ತಿದ್ದರು, ಊರಲ್ಲಿ ಅವರಪ್ಪನಿಗೆ ಬಾವಿಯ ಹತ್ತಿರ ನಿಲ್ಲೋಕೂ ಬಿಡುತ್ತಿರಲಿಲ್ಲವಂತೆ. ಇಲ್ಲಿ ಗಣಿಯೊಳಗೆ ಇಳಿದರೆ ಪ್ರಾಣ ಭಯ, ಆದರೆ ತಿಂಗಳು ಮುಗಿದರೆ ಕೈಗೆ ಸಂಬಳ, ಇರೋಕೆ ಲೈನ್ ಮನೆ. ಕೆಟ್ಟು ಬಂದವರಿಗೆ ಈ ಊರು ಊಟ ಹಾಕಿತು.

2001ರಲ್ಲಿ ಗಣಿ ಮುಚ್ಚಿದರು. ಆಗ ನನಗೆ ಹತ್ತು ವರ್ಷ. ನಮ್ಮಪ್ಪ ಎರಡು ವರ್ಷ ಸುಮ್ನೆ ಕೂತರು. ಆಮೇಲೆ ಮಾರಿಕುಪ್ಪಂ ಟ್ರೈನು ಹತ್ತಿ ಬೆಂಗಳೂರಿಗೆ ಹೋಗೋಕೆ ಶುರು ಮಾಡಿದರು. ಮೊದಲ ದಿನ ತಾತ ಬಾಗಿಲ ಹತ್ತಿರ ನಿಂತು ಈ ಮಾತನ್ನೇ ಹೇಳಿ ಕಳಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ನಿಂತು ಅವರ ಕಾಲು ಮುಟ್ಟಿದರು. ಒಂದು ಕಾಲಕ್ಕೆ ಕೆಟ್ಟವರೆಲ್ಲ ಬಂದು ಸೇರಿದ ಊರಿನಿಂದಲೇ ಕೆಟ್ಟು ಇನ್ನೊಂದು ಊರಿಗೆ ಹೋಗುವ ಹಾಗಾಯಿತು. ಆದರೆ ಆ ಮಾತಿನಲ್ಲಿ ನನಗೆ ಅವಮಾನ ಕಾಣಿಸಲಿಲ್ಲ, ಇವತ್ತಿಗೂ ಕಾಣಿಸುವುದಿಲ್ಲ.

ಪ್ಯಾಸೆಂಜರ್ ಗಾಡಿ, ಬಂಗಾರಪೇಟೆ

ತಮ್ಮ, ಇದನ್ನು ಓದಿ ಕಣ್ಣಲ್ಲಿ ನೀರು ಬಂತು. ನಿಮ್ಮ ತಂದೆಯಂಥವರ ಜೊತೆಯೇ ನಾನು ಇಷ್ಟು ವರ್ಷ ಪ್ರಯಾಣ ಮಾಡಿರುವುದು. ಆದರೆ ನಿಮ್ಮ ತಾತ ತಾವೇ ಹಾಗೆ ಬಂದ ಮನೆಯವರು, ಅದಕ್ಕೆ ಅವರ ಬಾಯಲ್ಲಿ ಅದು ಆಶೀರ್ವಾದ. ಊರು ಬಿಟ್ಟು ಒಂದು ದಿನವೂ ಹೋಗದವನು ಜಗಲಿ ಮೇಲೆ ಕೂತು ಹೇಳಿದರೆ ಅದೇ ಮಾತು ಬೇರೆ ಆಗುತ್ತದೆ. ನನ್ನ ಮಾತು ಅಷ್ಟೇ.

ಚಂದ್ರಿಕೆ, ಶಿಡ್ಲಘಟ್ಟ

ಎಲ್ಲರೂ ಗಾದೆಗೆ ಅರ್ಥ ಹುಡುಕುತ್ತಿದ್ದೀರಿ. ನನಗೆ ಬೇರೆ ಪ್ರಶ್ನೆ ಇದೆ. ಗಾದೆ ಅಂದ ಕೂಡಲೇ ಅದರಲ್ಲಿ ಏನೋ ಒಳ್ಳೆಯದು ಇರಲೇಬೇಕು ಅಂತ ಯಾಕೆ ಅಂದುಕೊಳ್ಳುತ್ತೇವೆ?

ನಮ್ಮ ತಂದೆ ಹೋದ ಮೇಲೆ ಜಮೀನಿನ ಮಾತು ಬಂತು. ನನ್ನ ಅಣ್ಣ ಹತ್ತು ಜನರ ಮುಂದೆ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅಂತ ಹಿರಿಯರೇ ಹೇಳಿದ್ದಾರೆ’ ಅಂದ. ಮುಗಿಯಿತು. ಕೂತಿದ್ದವರೆಲ್ಲ ಹೌದು ಹೌದು ಅಂದರು. ಹತ್ತನೇ ಕ್ಲಾಸಿನಿಂದ ಮದುವೆಯಾಗುವವರೆಗೆ ಆ ಮನೆಯ ರೇಷ್ಮೆ ಹುಳ ಸಾಕಿದವಳು ನಾನು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸೊಪ್ಪು ಕೊಯ್ದು ತಂದು ಹಾಕಿದ್ದೇನೆ. ಹುಳ ಹಣ್ಣಾದಾಗ ಒಂದೊಂದನ್ನೇ ಆರಿಸಿ ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಟ್ಟಿದ್ದೇನೆ, ರಾತ್ರಿಯೆಲ್ಲ ನಿದ್ದೆಗೆಟ್ಟು. ಗೂಡು ಮಾರ್ಕೆಟ್ಟಿಗೆ ಹೋಗಿ ದುಡ್ಡಾಗಿ ಬಂದಾಗ ಯಾರಿಗೂ ನಾನು ಹೊರಗಿನವಳು ಅನ್ನಿಸಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕಾನೂನೇ ಬಂದಿದೆ. ಆದರೆ ಅವತ್ತು ಆ ಜಗಲಿಯಲ್ಲಿ ಕಾನೂನಿಗಿಂತ ಗಾದೆಗೆ ಬೆಲೆ ಜಾಸ್ತಿ ಇತ್ತು.

ಗಾದೆಯ ತೊಂದರೆ ಏನೆಂದರೆ ಅದಕ್ಕೆ ಎದುರು ಮಾತಾಡೋಕಾಗಲ್ಲ. ಅಣ್ಣ ತಾನೇ ಹೇಳಿದ್ದರೆ ಅಣ್ಣನ ಜೊತೆ ಜಗಳ ಆಡಬಹುದಿತ್ತು. ಹಿರಿಯರು ಹೇಳಿದ್ದು ಅಂದಮೇಲೆ ಯಾರ ಜೊತೆ ಜಗಳ ಆಡೋದು? ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಅಂತ ಅದಕ್ಕೊಂದು ಕಾವಲು ಬೇರೆ. ಹೆಂಗಸರ ಮೇಲೆ, ಜಾತಿಗಳ ಮೇಲೆ ಇರುವ ಗಾದೆಗಳನ್ನು ಇಲ್ಲಿ ಬರೆಯೋಕೂ ನನಗೆ ಮನಸ್ಸಿಲ್ಲ. ಅವೂ ಗಾದೆಗಳೇ ಅಲ್ವಾ ಮೇಷ್ಟ್ರೇ? ಅವೂ ಸುಳ್ಳಾಗಲ್ವಾ?

ಕನ್ನಡ ಮೇಷ್ಟ್ರು, ಚಿಂತಾಮಣಿ

ಸುಳ್ಳಾಗುತ್ತವೆ ತಾಯಿ. ಆ ಗಾದೆ ನಿಮ್ಮ ವಿಷಯದಲ್ಲಿ ಸುಳ್ಳು. ಕ್ಲಾಸಿನಲ್ಲಿ ‘ಗಾದೆ ವಿಸ್ತರಿಸಿ’ ಅಂತ ಪ್ರಶ್ನೆ ಕೊಟ್ಟಾಗ ನಾನೇ ಮಕ್ಕಳಿಗೆ ಮೊದಲ ಸಾಲು ಬರೆಸುತ್ತಿದ್ದೆ. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂಬಂತೆ’ ಅಂತ. ಎಷ್ಟೋ ಸಾವಿರ ಮಕ್ಕಳಿಗೆ ಬರೆಸಿದ್ದೇನೆ. ಯಾವ ಗಾದೆ ಕೊಟ್ಟರೂ ಅದೇ ಸಾಲು. ಒಬ್ಬ ಮಗುವಿಗೂ ಈ ಗಾದೆ ನಿನಗೆ ಸರಿ ಅನ್ನಿಸುತ್ತದಾ ಅಂತ ಕೇಳಲಿಲ್ಲ. ಅದು ನನ್ನ ತಪ್ಪು, ಈಗ ಗೊತ್ತಾಗುತ್ತಿದೆ.

ಆದರೂ ಒಂದು ಮಾತು. ಕಿಟ್ಟೆಲ್ ಅವರು 1894ರಲ್ಲಿ ಹೊರತಂದ ಕನ್ನಡ ನಿಘಂಟು ನೋಡಿ, ಪದದ ಅರ್ಥದ ಪಕ್ಕದಲ್ಲಿ ಗಾದೆಗಳನ್ನೂ ಕೊಡುತ್ತಾ ಹೋಗಿದ್ದಾರೆ. ಜನ ಆ ಪದವನ್ನು ಬಾಯಲ್ಲಿ ಹೇಗೆ ಆಡುತ್ತಾರೆ ಅಂತ ತೋರಿಸದೆ ಪದದ ಅರ್ಥ ಪೂರ್ತಿ ಆಗಲ್ಲ. ಪದಕ್ಕೇ ಹಾಗಿರುವಾಗ ಗಾದೆಗೆ ಇನ್ನೂ ಜಾಸ್ತಿ. ಯಾರು, ಯಾರಿಗೆ, ಯಾವಾಗ ಹೇಳಿದರು ಅನ್ನುವುದು ಬಿಟ್ಟರೆ ಗಾದೆಯಲ್ಲಿ ಉಳಿಯುವುದು ಬರೀ ಸಿಪ್ಪೆ. ನಿಮ್ಮಣ್ಣ ಹೇಳಿದ್ದು ಗಾದೆ ಅಲ್ಲ, ಅದು ಅವರ ಮನಸ್ಸಿನ ಮಾತು. ಗಾದೆಯನ್ನು ಅಡ್ಡ ಇಟ್ಟುಕೊಂಡರು, ಅಷ್ಟೇ.

ಚಂದ್ರಿಕೆ, ಶಿಡ್ಲಘಟ್ಟ

ನೀವು ಹೀಗೆ ಒಪ್ಪಿಕೊಂಡಿದ್ದು ದೊಡ್ಡ ಮಾತು ಮೇಷ್ಟ್ರೇ. ಆದರೆ ‘ಅಡ್ಡ ಇಟ್ಟುಕೊಂಡರು’ ಅಂತ ಗಾದೆಯನ್ನು ಬಿಟ್ಟುಬಿಡಬೇಡಿ. ಅಡ್ಡ ಇಟ್ಟುಕೊಳ್ಳೋಕೆ ಅಂತಲೇ ಕೆಲವು ಗಾದೆ ಹುಟ್ಟಿವೆ.

ಇನ್ನು ಕೋಲಾರದ ಅಣ್ಣನಿಗೆ. ನಮ್ಮಜ್ಜಿ ತೆಲುಗಿನವರು. ಅವರು ಹೇಳುತ್ತಿದ್ದ ಒಂದು ಮಾತು ಇದೆ. ಕೆಟ್ಟು ಸ್ನೇಹಿತನ ಮನೆಗೆ ಹೋಗಬಹುದು, ತಂಗಿ ಮನೆಗೆ ಹೋಗಬಾರದು ಅಂತ. ಕೆಟ್ಟವನಿಗೆ ಎಲ್ಲಿ ಹೋದರೆ ಮಾನ ಉಳಿಯುತ್ತದೆ ಅನ್ನುವ ಲೆಕ್ಕ ಅದರಲ್ಲೂ ಇದೆ. ಹಾಗೆ ನೋಡಿದರೆ ನಿಮ್ಮ ತಾಯಿ ಹೇಳಿದ್ದರಲ್ಲಿ ಹುರುಳಿದೆ. ಆದರೆ ತಂಗಿಯ ಮನೆ ಯಾಕೆ ಬೇಡ? ನನ್ನ ಅಣ್ಣ ನಾಳೆ ಕೆಟ್ಟರೆ ನಾನು ಬಾಗಿಲು ಹಾಕುತ್ತೇನಾ? ಹಾಕಲ್ಲ.

ಹೆಂಚು, ಮಾಲೂರು

ಇಷ್ಟು ಆಳಕ್ಕೆ ಹೋಗಬೇಕಾ ಅಂತ ನನಗೆ ಅನುಮಾನ. ಗಾದೆ ಉಳಿಯೋದು ಪ್ರಾಸದಿಂದ. ಕೆಟ್ಟು, ಪಟ್ಟಣ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ. ಕೈ ಕೆಸರು, ಬಾಯಿ ಮೊಸರು. ಎರಡನೇ ಅಕ್ಷರ ಕೂಡಿದರೆ ನಮ್ಮ ಜನಕ್ಕೆ ಮಾತು ನಾಲಿಗೆ ಮೇಲೆ ನಿಲ್ಲುತ್ತದೆ. ಹಳೆಗನ್ನಡ ಕಾವ್ಯದಲ್ಲೂ ಇದೇ ಪ್ರಾಸ. ನಗರ, ಊರು ಅಂತ ಎಷ್ಟು ಪದ ಇದ್ದರೂ ‘ಪಟ್ಟಣ’ವೇ ಯಾಕೆ ಬಂತು ಅಂದರೆ ‘ಕೆಟ್ಟು’ ಜೊತೆ ಕೂಡುತ್ತದೆ ಅಂತ.

ಅರ್ಥ ಅಂತ ನೋಡಿದರೆ ಗಾದೆಗಳು ಒಂದಕ್ಕೊಂದು ಹೊಡೆದಾಡುತ್ತವೆ. ಒಗ್ಗಟ್ಟಿನಲ್ಲಿ ಬಲವಿದೆ ಅಂತ ಒಂದು. ಹತ್ತು ಜನ ಸೇರಿದರೆ ಹಾವು ಸಾಯಲ್ಲ ಅಂತ ಇನ್ನೊಂದು. ಕೆಟ್ಟು ಪಟ್ಟಣ ಸೇರು ಅಂತ ಒಂದು. ದೂರದ ಬೆಟ್ಟ ನುಣ್ಣಗೆ ಅಂತ ಇನ್ನೊಂದು. ಬೇಕಾದಾಗ ಬೇಕಾದ್ದನ್ನು ತೆಗೆದು ಹೇಳುತ್ತೇವೆ. ಕೋಲಾರದ ಅಣ್ಣ, ನೀವು ತಲೆ ಕೆಡಿಸಿಕೊಳ್ಳಬೇಡಿ, ಕೆಲಸಕ್ಕೆ ಹೋಗಿ.

ಕಡ್ಲೆಕಾಯಿ ಸೀಮೆ, ಪಾವಗಡ

ಪ್ರಾಸದಿಂದ ನೆನಪು ಉಳಿಯುತ್ತದೆ ಸರಿ, ಆದರೆ ಪ್ರಾಸ ಇರುವ ಮಾತೆಲ್ಲ ಗಾದೆ ಆಗಲ್ಲವಲ್ಲ. ಜನರಿಗೆ ಅದು ತಾಗಬೇಕು. ಈ ಅಣ್ಣನಿಗೆ ಎಂಟು ದಿನ ನಿದ್ದೆ ಬಂದಿಲ್ಲ ಅಂದರೆ ತಾಗಿದೆ ಅಂತ ಅರ್ಥ.

ಒಂದಕ್ಕೊಂದು ಹೊಡೆದಾಡುವುದು ಗಾದೆಯ ದೋಷ ಅಂತ ನನಗೆ ಅನ್ನಿಸಲ್ಲ. ಹಾವು ಬಂದ ಮನೆಯಲ್ಲಿ ಹತ್ತು ಜನ ಹತ್ತು ಕಡೆ ಎಳೆದರೆ ಹಾವು ಮಾಡಿನೊಳಗೆ ಸೇರಿಕೊಳ್ಳುತ್ತದೆ. ಕೆರೆ ಹೂಳು ತೆಗೆಯೋಕೆ ಹೊರಟರೆ ಒಬ್ಬನ ಕೈಲಿ ಆಗಲ್ಲ. ಎರಡೂ ನಿಜ. ಯಾವ ಕೆಲಸ ಮುಂದಿದೆ ಅನ್ನುವುದರ ಮೇಲೆ ಹೋಗುತ್ತದೆ.

ಕೋಲಾರದ ಅಣ್ಣ, ಒಂದು ಕೇಳುತ್ತೇನೆ. ನಿಮಗೆ ನೀರಿನ ತೊಂದರೆ ಇತ್ತಾ? ಕೆಸಿ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧಿ ಮಾಡಿದ ನೀರು ನಿಮ್ಮ ಕಡೆ ಬಂದಿದೆ ಅಲ್ವಾ?

ನಾಟಿ ಟೊಮ್ಯಾಟೊ, ಕೋಲಾರ

ಇಷ್ಟೊಂದು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಎರಡೆರಡು ಸಲ ಓದಿದೆ. ಕೆಜಿಎಫ್ ತಮ್ಮ ಬರೆದದ್ದನ್ನು ಅಮ್ಮನಿಗೂ ಓದಿ ಹೇಳಿದೆ. ಅವರು ಸುಮ್ಮನೆ ಕೇಳಿ, ‘ನೋಡು, ನಾನು ಹೇಳಲಿಲ್ವಾ’ ಅಂದರು.

ನೀರಿನ ವಿಷಯ. 2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧಿ ಮಾಡಿ ನಮ್ಮ ಕೆರೆಗಳಿಗೆ ಬಿಡೋಕೆ ಶುರು ಮಾಡಿದರು. ಮೊದಲು ನರಸಾಪುರದ ಕಡೆ ಲಕ್ಷ್ಮೀಸಾಗರ ಕೆರೆಗೆ ಬಂತು, ಆಮೇಲೆ ಒಂದೊಂದೇ ಕೆರೆ. ಮೂರನೇ ಹಂತದ ಶುದ್ಧಿಯೂ ಆಗಬೇಕು ಅಂತ ನಮ್ಮ ಜಿಲ್ಲೆಯಲ್ಲಿ ಹೋರಾಟ ಮಾಡಿದವರು ಇದ್ದಾರೆ, ಅದು ದೊಡ್ಡ ಚರ್ಚೆ, ಇಲ್ಲಿ ಬೇಡ. ನಮ್ಮ ಬೋರಿನಲ್ಲಂತೂ ನೀರು ಮೇಲೆ ಬಂತು. ಮೊದಲು ಒಂದು ಗಂಟೆ ಓಡಿಸಿದರೆ ಗಾಳಿ ಬರುತ್ತಿದ್ದ ಮೋಟ್ರು ಈಗ ಕರೆಂಟು ಇರುವಷ್ಟು ಹೊತ್ತೂ ಓಡುತ್ತದೆ. ಅದಕ್ಕೇ ಹೇಳುತ್ತಿರುವುದು, ನಾನು ಕೆಟ್ಟಿದ್ದು ನೀರಿಂದ ಅಲ್ಲ. ರೇಟಿಂದ, ರೋಗದಿಂದ. ಚಿಕ್ಕಪ್ಪನಿಗೂ ಅದು ಗೊತ್ತು. ಗೊತ್ತಿದ್ದೂ ಹಾಗಂದರಲ್ಲ ಅಂತ ನೋವು.

ಚಂದ್ರಿಕೆ, ಶಿಡ್ಲಘಟ್ಟ

ಅಣ್ಣ, ನೀವು ನಮ್ಮನ್ನು ಕೇಳುತ್ತಿದ್ದೀರಿ, ಹೇಳಿದವರನ್ನು ಕೇಳಿಲ್ಲ. ನಾನೂ ಅದೇ ತಪ್ಪು ಮಾಡಿದ್ದು. ಹತ್ತು ಜನರ ಮುಂದೆ ಸುಮ್ಮನಾಗಿ ಎದ್ದು ಬಂದೆ. ನೀನು ಯಾಕೆ ಹಾಗಂದೆ ಅಂತ ಅಣ್ಣನನ್ನು ಕೇಳಲೇ ಇಲ್ಲ. ಕೇಳದೆ ಒಂಬತ್ತು ವರ್ಷ ಆಯಿತು. ಈಗ ಕೇಳೋಕೆ ಬಾಯಿ ಬರಲ್ಲ. ಆಗಸ್ಟ್ ಒಂದಕ್ಕೆ ಹೋಗುವ ಮುಂಚೆ ಚಿಕ್ಕಪ್ಪನನ್ನೇ ಕೇಳಿ. ಸಿಟ್ಟಿನಿಂದ ಬೇಡ. ‘ಅವತ್ತು ಹಾಗಂದ್ರಲ್ಲ, ಯಾಕೆ’ ಅಂತ ಅಷ್ಟೇ.

ಹೆಂಚು, ಮಾಲೂರು

ಅಕ್ಕ ಹೇಳಿದ್ದು ಸರಿ. ನಾನು ಪ್ರಾಸ ಗೀಸ ಅಂದಿದ್ದು ವಾಪಸ್ ತೆಗೆದುಕೊಳ್ಳಲ್ಲ, ಆದರೆ ಮೊದಲು ಇದು ಆಗಲಿ.

ನಾಟಿ ಟೊಮ್ಯಾಟೊ, ಕೋಲಾರ

ಹೋಗಿದ್ದೆ. ನಿನ್ನೆ ರಾತ್ರಿ. ಬರೆಯೋಕೆ ಒಂದು ದಿನ ಹಿಡಿಯಿತು.

ರಾತ್ರಿ ಹನ್ನೊಂದಕ್ಕೆ ತ್ರೀಫೇಸ್ ಕರೆಂಟು ಕೊಡುತ್ತಾರೆ. ಆ ಹೊತ್ತಿಗೆ ಚಿ‌ಕ್ಕಪ್ಪ ಬೋರಿನ ಹತ್ತಿರ ಇರುತ್ತಾರೆ ಅಂತ ಗೊತ್ತಿತ್ತು. ಮೋಟ್ರು ಹಾಕಿ ಗೇಟ್‌ವಾಲ್ ತಿರುಗಿಸುತ್ತಿದ್ದರು. ನಾನು ಟಾರ್ಚ್ ಹಿಡಿದೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅಕ್ಕ ಹೇಳಿದ ಹಾಗೇ ಕೇಳಿದೆ. ‘ಚಿಕ್ಕಪ್ಪ, ಅವತ್ತು ಹಾಗಂದ್ರಲ್ಲ, ಯಾಕೆ’ ಅಂತ.

‘ಯಾವತ್ತು’ ಅಂದರು. ಅವರಿಗೆ ನೆನಪೇ ಇರಲಿಲ್ಲ. ನಾನೇ ನೆನಪು ಮಾಡಿದೆ. ಸುಮ್ಮನೆ ನಿಂತರು. ಆಮೇಲೆ ಹೇಳಿದರು. ‘ನಿಮ್ಮಪ್ಪ ಇದ್ದಾಗ ಇಬ್ಬರೂ ಸೇರಿ ಈ ಬೋರು ಕೊರೆಸಿದ್ವಿ. ಅವನು ಹೋದ ಮೇಲೆ ನೀನಿದ್ದೆ. ಒಂದು ರಾತ್ರಿ ನೀನು ಎದ್ದರೆ ಒಂದು ರಾತ್ರಿ ನಾನು ಏಳ್ತಿದ್ದೆ. ಇನ್ನು ಮೇಲೆ ಎಲ್ಲ ರಾತ್ರಿ ನಾನೇ ಏಳಬೇಕು. ನನಗೆ ಅರವತ್ತಾರು. ಕತ್ತಲೆಯಲ್ಲಿ ಹಾವಿದ್ದರೆ ನನ್ನ ಕಣ್ಣಿಗೆ ಕಾಣಲ್ಲ. ಅದನ್ನ ಹೇಗೆ ಹೇಳೋದು ನಿನಗೆ? ಬಾಯಿಗೆ ಗಾದೆ ಬಂತು, ಹೇಳಿದೆ.’

ಬೈಗುಳವೂ ಅಲ್ಲ, ಬುದ್ಧಿಮಾತೂ ಅಲ್ಲ ಇದು. ನನಗೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಟಾರ್ಚ್ ಅಲ್ಲೇ ಅವರ ಕೈಗೆ ಕೊಟ್ಟು, ಇದು ಇಟ್ಟುಕೊಳ್ಳಿ ಅಂದೆ.

ಒಂದು ತೀರ್ಮಾನ ಮಾಡಿದ್ದೇವೆ. ಅಲ್ಲಿ ರೂಮು ಮಾಡಲ್ಲ, ಸದ್ಯಕ್ಕೆ ದಿನಾ ಹೋಗಿ ಬರುತ್ತೇನೆ. ಮೋಟ್ರಿಗೆ ಆಟೋಮ್ಯಾಟಿಕ್ ಸ್ಟಾರ್ಟರ್ ಹಾಕಿಸುವುದು ನನ್ನ ಮೊದಲ ಸಂಬಳದಲ್ಲಿ. ಟೊಮ್ಯಾಟೊ ಬೇಡ, ಈ ಸಲ ನನ್ನ ಎರಡು ಎಕರೆಗೂ ರಾಗಿ. ಚಿಕ್ಕಪ್ಪ ಬಿತ್ತಿಸುತ್ತಾರೆ, ಭಾನುವಾರ ನಾನು ಇರುತ್ತೇನೆ. ಬರುವಾಗ ಅವರು ಹಿಂದಿನಿಂದ ಕೂಗಿ ಹೇಳಿದರು. ‘ಮಗೆ ಮಳೆ ಹೊತ್ತಿಗೆ ಎರಡು ದಿನ ರಜಾ ಹಾಕು. ಮಗೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು.’

ಕನ್ನಡ ಮೇಷ್ಟ್ರು, ಚಿಂತಾಮಣಿ

ಮಗೆ ಮಳೆ, ಅಂದರೆ ಮಘಾ ನಕ್ಷತ್ರದ ಮಳೆ, ಆಗಸ್ಟ್ 17ರ ಆಸುಪಾಸು ಶುರುವಾಗುತ್ತದೆ, ಸುಮಾರು ಎರಡು ವಾರ. ರಜಾ ಈಗಲೇ ಹೇಳಿಟ್ಟಿರಿ. ಹೊಸ ಕೆಲಸದಲ್ಲಿ ಮೊದಲ ತಿಂಗಳೇ ಕೇಳುವುದು ಕಷ್ಟ.

ಚಂದ್ರಿಕೆ, ಶಿಡ್ಲಘಟ್ಟ

ಓದಿದೆ ಅಣ್ಣ. ಎರಡು ಸಲ ಓದಿದೆ. ಗೌರಿ ಹಬ್ಬ ಬರುತ್ತಿದೆ. ಬಾಗಿನ ತೆಗೆದುಕೊಂಡು ಬರುತ್ತಾನಾ ನೋಡಬೇಕು ನಮ್ಮಣ್ಣ. ಬರದಿದ್ದರೆ ಈ ಸಲ ನಾನೇ ಫೋನ್ ಮಾಡುತ್ತೇನೆ.

ಪ್ಯಾಸೆಂಜರ್ ಗಾಡಿ, ಬಂಗಾರಪೇಟೆ

ದಿನಾ ಓಡಾಡುವುದಾದರೆ ಮಂತ್ಲಿ ಪಾಸ್ ಮಾಡಿಸಿಕೊಳ್ಳಿ, ದಿನಾ ಟಿಕೆಟ್ ತೆಗೆದರೆ ದುಡ್ಡು ಜಾಸ್ತಿ ಹೋಗುತ್ತದೆ. ಬಂಗಾರಪೇಟೆಯಲ್ಲೇ ಹತ್ತಿ, ಟೇಕಲ್‌ವರೆಗೆ ಕೂರೋಕೆ ಜಾಗ ಸಿಗುತ್ತದೆ, ಮಾಲೂರಿನಲ್ಲಿ ಜನ ಹತ್ತಿದ ಮೇಲೆ ನಿಲ್ಲೋಕೂ ಕಷ್ಟ. ಒಂದನೇ ತಾರೀಖು ನಾನು ಸ್ಟೇಷನ್ ಗೇಟಿನ ಹತ್ತಿರ ಟೀ ಅಂಗಡಿಯಲ್ಲಿ ಇರುತ್ತೇನೆ. ಬನ್ನಿ, ಜೊತೆಗೆ ಹೋಗೋಣ.